ನಾಲ್ಕು ಬಾಯಿ, ಒಂದೇ ಮೂಲ: ಹಿಲ್ಸ್‌ಬರೋ ದುರಂತ ಮತ್ತು 'ದಿ ಸನ್' ಪತ್ರಿಕೆಯ ಪ್ರಕರಣ

1989ರ ಏಪ್ರಿಲ್ 19, ಬುಧವಾರ. ದಿನಕ್ಕೆ ಸುಮಾರು 40 ಲಕ್ಷ ಪ್ರತಿ ಮಾರಾಟವಾಗುತ್ತಿದ್ದ ಬ್ರಿಟನ್ನಿನ 'ದಿ ಸನ್' ಪತ್ರಿಕೆ ತನ್ನ ಮುಖಪುಟದಲ್ಲಿ ದಪ್ಪಕ್ಷರಗಳಲ್ಲಿ 'ದಿ ಟ್ರೂತ್' ಎಂದು ಅಚ್ಚುಹಾಕಿತು. ಇದೇ ಸತ್ಯ ಎಂದು. ಅದರಡಿ ಮೂರು ಸಾಲುಗಳಿದ್ದವು. ಕೆಲವು ಅಭಿಮಾನಿಗಳು ಬಿದ್ದವರ ಜೇಬಿಗೆ ಕೈಹಾಕಿದರು. ಕೆಲವರು ಪೊಲೀಸರ ಮೇಲೆ ಮೂತ್ರ ಮಾಡಿದರು. ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿದ್ದ ಕಾನ್‌ಸ್ಟೇಬಲ್‌ಗೆ ಕೆಲವರು ಹೊಡೆದರು. ನಾಲ್ಕು ದಿನಗಳ ಹಿಂದಷ್ಟೇ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಬೆಂಬಲಿಗರು ಜನರ ಒತ್ತಡಕ್ಕೆ ಸಿಕ್ಕಿ ಉಸಿರುಗಟ್ಟಿ ಸತ್ತಿದ್ದರು. ಅಂದೇ 94 ಮಂದಿ, ಗಾಯ ಉಲ್ಬಣಿಸಿ ನಂತರ ತೀರಿಕೊಂಡವರೂ ಸೇರಿ ಒಟ್ಟು 97.

ಮುಖಪುಟದ ಆ ಮೂರೂ ಸಾಲುಗಳು ಸುಳ್ಳು. ಅವು ಹೇಗೆ ಹುಟ್ಟಿದವು, ಯಾರ ಕೈದಾಟಿ ಬಂದವು, ಯಾವ ಹಂತದಲ್ಲಿ ತಡೆಯಬಹುದಿತ್ತು ಎಂಬುದಕ್ಕೆ ಈಗ ಲಕ್ಷಾಂತರ ಪುಟಗಳ ದಾಖಲೆ ಇದೆ. ಓದುಗರು ಆ ಪತ್ರಿಕೆಯನ್ನು ಕೈಬಿಟ್ಟಿದ್ದರಿಂದ ಮುಂದಿನ ಮೂವತ್ತು ವರ್ಷಗಳಲ್ಲಿ ಅವರ ರಾಜಕೀಯ ಅಭಿಪ್ರಾಯ ಹೇಗೆ ಬದಲಾಯಿತು ಎಂಬುದನ್ನೂ ಸಂಶೋಧಕರು ಅಳೆದು ನೋಡಿದ್ದಾರೆ. ಪಕ್ಷಪಾತ, ನಂಬಿಕೆ, ಪ್ರಭಾವ ಈ ಮೂರನ್ನೂ ಒಂದೇ ಘಟನೆಯಲ್ಲಿ ಇಷ್ಟು ಸ್ಪಷ್ಟವಾಗಿ ನೋಡಲು ಸಿಗುವ ಪ್ರಕರಣಗಳು ಅಪರೂಪ.

ಅಂಗಳದಲ್ಲಿ ಆದದ್ದು

ಏಪ್ರಿಲ್ 15ರ ಶನಿವಾರ ಎಫ್‌ಎ ಕಪ್ ಸೆಮಿಫೈನಲ್. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ, ಮಧ್ಯಾಹ್ನ 3 ಗಂಟೆಗೆ. ಲಿವರ್‌ಪೂಲ್ ಕಡೆಯ 24,000ಕ್ಕೂ ಹೆಚ್ಚು ಟಿಕೆಟ್‌ದಾರರಿಗೆ ಲೆಪ್ಪಿಂಗ್ಸ್ ಲೇನ್ ಬದಿಯಲ್ಲಿ ಇದ್ದದ್ದು 23 ತಿರುಗುಗೇಟುಗಳು. ಅವರಲ್ಲಿ ನಿಂತು ನೋಡುವ ಟಿಕೆಟ್‌ನ 10,100 ಮಂದಿಗೆ ಬರೀ ಏಳು. ಪಂದ್ಯ ಶುರುವಾಗುವುದರೊಳಗೆ ಅಷ್ಟು ಜನ ಆ ಏಳು ಗೇಟುಗಳಲ್ಲಿ ನುಗ್ಗಿ ಮುಗಿಯುವಂತಿರಲಿಲ್ಲ. ಹೊರಗೆ ಒತ್ತಡ ಮಿತಿಮೀರಿದಾಗ, 2 ಗಂಟೆ 52 ನಿಮಿಷಕ್ಕೆ, ಬಂದೋಬಸ್ತಿನ ಹೊಣೆ ಹೊತ್ತಿದ್ದ ಅಧಿಕಾರಿ ಡೇವಿಡ್ ಡಕನ್‌ಫೀಲ್ಡ್ 'ಸಿ' ಗೇಟನ್ನು ತೆಗೆಸಿದರು. ಸುಮಾರು 2,000 ಮಂದಿ ಒಳಬಂದರು.

ಒಳಬಂದವರಿಗೆ ನೇರ ಎದುರಿಗೆ ಕಾಣುತ್ತಿದ್ದದ್ದು ಒಂದು ಸುರಂಗದಂಥ ದಾರಿ. ಅದು ತಂತಿಬೇಲಿ ಹಾಕಿ ಬೇರ್ಪಡಿಸಿದ 3 ಮತ್ತು 4ನೇ ಕಟ್ಟೆಗಳಿಗೆ ಹೋಗುತ್ತಿತ್ತು. ಎರಡರ ಅಧಿಕೃತ ಸಾಮರ್ಥ್ಯ ಒಟ್ಟು 2,200. ಅವು ಆಗಲೇ ತುಂಬಿ ತುಳುಕುತ್ತಿದ್ದವು. ಆಚೀಚೆಯ ಕಟ್ಟೆಗಳಲ್ಲಿ ಜಾಗ ಖಾಲಿ ಇತ್ತು. ಗೇಟು ತೆಗೆಯುವ ಮೊದಲು ಸುರಂಗದ ಬಾಯಿಗೆ ನಾಲ್ಕು ಪೊಲೀಸರನ್ನು ನಿಲ್ಲಿಸಿ ಜನರನ್ನು ಪಕ್ಕಕ್ಕೆ ಕಳಿಸಿದ್ದರೆ ಸಾಕಿತ್ತು. ಯಾರೂ ನಿಲ್ಲಿಸಲಿಲ್ಲ. ಪೊಲೀಸರ ನಿಯಂತ್ರಣ ಕೊಠಡಿ ಆ ಕಟ್ಟೆಗಳಿಗೆ ಕಣ್ಣೆದುರೇ ಇತ್ತು, ಸಿಸಿಟಿವಿ ಪರದೆಗಳೂ ಇದ್ದವು. ಪಂದ್ಯ ನಿಂತದ್ದು 3 ಗಂಟೆ 6 ನಿಮಿಷಕ್ಕೆ.

ಸುಳ್ಳು ಸಾಗಿದ ದಾರಿ

ಮೊದಲ ಸುಳ್ಳು ಪತ್ರಿಕೆಯದ್ದಲ್ಲ. ಪಂದ್ಯ ನಿಂತ ಕೆಲವೇ ನಿಮಿಷಗಳಲ್ಲಿ ಡಕನ್‌ಫೀಲ್ಡ್ ಫುಟ್‌ಬಾಲ್ ಸಂಸ್ಥೆಯ ಮುಖ್ಯಾಧಿಕಾರಿ ಗ್ರಹಾಂ ಕೆಲ್ಲಿಗೆ, ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಎಂದರು. ತೆಗೆಸಿದ್ದು ತಾವೇ ಎಂದು ಹೇಳಲಿಲ್ಲ. ಕೆಲ್ಲಿ ಕೇಳಿದ್ದನ್ನು ಮಾಧ್ಯಮದವರ ಮುಂದೆ ಇಟ್ಟರು. ಹೆಣಗಳನ್ನು ಇನ್ನೂ ಎತ್ತುತ್ತಿರುವಾಗಲೇ 'ಗೇಟು ಮುರಿದರು' ಎಂಬ ಮಾತು ಪ್ರಸಾರವಾಗಿ ದೇಶ ದಾಟಿತ್ತು. ಅದೇ ಸಂಜೆ ಪೊಲೀಸ್ ಮುಖ್ಯಸ್ಥ ಪೀಟರ್ ರೈಟ್ ಗೇಟು ತೆಗೆಸಿದ್ದು ಪೊಲೀಸರೇ ಎಂದು ಒಪ್ಪಿಕೊಳ್ಳಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬುಧವಾರದ ಪತ್ರಿಕೆ ಸಿದ್ಧವಾಗುವಾಗ ಪ್ರತಿ ಸುದ್ದಿಮನೆಗೂ ಒಂದು ವಿಷಯ ಗೊತ್ತಿತ್ತು: ಈ ಘಟನೆಯ ಬಗ್ಗೆ ಪೊಲೀಸರಿಂದ ಬಂದ ಮೊದಲ ವಿವರಣೆಯೇ ಸುಳ್ಳಾಗಿತ್ತು. ತನಿಖೆಗೆ ಒಳಗಾಗಲಿರುವ ಪಕ್ಷ ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲೆ ಅದರ ಎರಡನೇ ಹೇಳಿಕೆಗೆ ಹೆಚ್ಚು ಪುರಾವೆ ಕೇಳಬೇಕು. ಆದದ್ದು ಉಲ್ಟಾ.

ಎರಡನೇ ಸುತ್ತಿನ ಕಥೆಗಳು ಶೆಫೀಲ್ಡ್‌ನ ವೈಟ್ಸ್ ಎಂಬ ಸುದ್ದಿಸಂಸ್ಥೆಯ ಮೂಲಕ ಬಂದವು. ಅದರ ಸಿಬ್ಬಂದಿ ಮೂರು ದಿನಗಳಲ್ಲಿ ಸೌತ್ ಯಾರ್ಕ್‌ಷೈರ್ ಪೊಲೀಸ್ ಪಡೆಯ ಹಲವು ಅಧಿಕಾರಿಗಳನ್ನು ಭೇಟಿಯಾಗಿದ್ದರು. ಅದರ ಜೊತೆಗೆ ಶೆಫೀಲ್ಡ್ ಹ್ಯಾಲಮ್ ಕ್ಷೇತ್ರದ ಸಂಸದ ಅರ್ವಿನ್ ಪ್ಯಾಟ್ನಿಕ್ ಅವರ ಮಾತು, ಪೊಲೀಸ್ ನೌಕರರ ಸಂಘದ ಸ್ಥಳೀಯ ಕಾರ್ಯದರ್ಶಿ ಪಾಲ್ ಮಿಡಪ್ ಅವರ ಮಾತು. ಡೆಸ್ಕಿನಲ್ಲಿ ಕೂತವರಿಗೆ ಇದು ಗಟ್ಟಿ ಸುದ್ದಿಯಾಗಿ ಕಂಡಿರಬೇಕು: ಸುದ್ದಿಸಂಸ್ಥೆ ಹೇಳುತ್ತಿದೆ, ಅಧಿಕಾರಿಗಳು ಹೇಳುತ್ತಿದ್ದಾರೆ, ಸಂಘ ಹೇಳುತ್ತಿದೆ, ಸಂಸದರೂ ಹೇಳುತ್ತಿದ್ದಾರೆ. ಆದರೆ ಸುದ್ದಿಸಂಸ್ಥೆಗೆ ಹೇಳಿದವರು ಪೊಲೀಸರು. ಸಂಸದರಿಗೆ ಹೇಳಿದವರೂ ಪೊಲೀಸರು. ಅವರು ಕಣ್ಣಾರೆ ನೋಡಿದ್ದಲ್ಲ. ಸಂಘದ ಕಾರ್ಯದರ್ಶಿ ಮಾತಾಡಿದ್ದು ಪೊಲೀಸರ ಪರವಾಗಿಯೇ. ನಾಲ್ಕು ಬಾಯಿ, ಮೂಲ ಒಂದೇ. ಆ ಮೂಲಕ್ಕೆ ತನ್ನ ತಲೆ ಉಳಿಸಿಕೊಳ್ಳಬೇಕಾದ ಅಗತ್ಯವಿತ್ತು.

ನಮ್ಮ ಕಡೆಯ ಸುದ್ದಿಮನೆಗಳಲ್ಲೂ ಇದೇ ಎಡವಟ್ಟು ನಡೆಯುತ್ತಲೇ ಇರುತ್ತದೆ. 'ಎರಡು ಮೂಲಗಳಿಂದ ಖಚಿತ' ಎಂದು ವರದಿಗಾರ ಹೇಳಿದರೆ ಡೆಸ್ಕ್ ಒಪ್ಪಿಬಿಡುತ್ತದೆ. ಕೇಳಬೇಕಾದದ್ದು ಎಷ್ಟು ಜನ ಹೇಳಿದರು ಎಂದಲ್ಲ, ಅವರಲ್ಲಿ ಯಾರು ಸ್ವತಃ ನೋಡಿದರು ಎಂದು. ಕಾಗದದ ಮೇಲೆ ಪ್ರತಿ ಹೇಳಿಕೆಯ ಪಕ್ಕ ಬಾಣ ಎಳೆದು ಅದು ಎಲ್ಲಿಂದ ಬಂತು ಎಂದು ಬರೆಯುತ್ತ ಹೋದರೆ ಹಿಲ್ಸ್‌ಬರೋ ಸುದ್ದಿಯ ಎಲ್ಲ ಬಾಣಗಳೂ ಒಂದೇ ಕಟ್ಟಡದ ಬಾಗಿಲಿಗೆ ಬಂದು ನಿಲ್ಲುತ್ತವೆ. ಈ ಕೆಲಸಕ್ಕೆ ಬೇಕಾಗುವುದು ಹತ್ತು ನಿಮಿಷ.

ಮುಖಪುಟ ಕಟ್ಟಿದ ಬಗೆ

ಅದೇ ಕಥೆ ಆ ದಿನಗಳಲ್ಲಿ ಬೇರೆ ಪತ್ರಿಕೆಗಳಲ್ಲೂ ಬಂತು. ಶೆಫೀಲ್ಡ್‌ನ ಸ್ಥಳೀಯ ಪತ್ರಿಕೆ 'ದಿ ಸ್ಟಾರ್' ಹಿಂದಿನ ದಿನವೇ ಇಂಥ ಆರೋಪಗಳನ್ನು ಪ್ರಕಟಿಸಿತ್ತು. ಬಹುಪಾಲು ಪತ್ರಿಕೆಗಳು ಅದನ್ನು ಪೊಲೀಸರ ಆರೋಪ ಎಂಬ ಚೌಕಟ್ಟಿನಲ್ಲಿ ಇಟ್ಟವು. ಅದೂ ತಪ್ಪೇ, ಪರೀಕ್ಷಿಸದ ಆರೋಪವನ್ನು 'ಆರೋಪ' ಎಂದು ಕರೆದ ಮಾತ್ರಕ್ಕೆ ಕೈ ತೊಳೆದುಕೊಂಡಂತಾಗುವುದಿಲ್ಲ. ಆದರೆ 'ದಿ ಸನ್' ಇನ್ನೊಂದು ಹೆಜ್ಜೆ ಮುಂದೆ ಹೋಯಿತು.

ವರದಿ ಬರೆದ ಹ್ಯಾರಿ ಅರ್ನಾಲ್ಡ್ ನಂತರ ಹೇಳಿರುವ ಪ್ರಕಾರ, ಅವರು ಇವನ್ನು ಆರೋಪಗಳೆಂದೇ ಬರೆದಿದ್ದರು. ತಲೆಬರಹ ನೋಡಿ ದಂಗಾಗಿ, ಇದು ಸತ್ಯವೆಂದು ನಮಗೆ ಗೊತ್ತಿಲ್ಲ, ಹೀಗೆ ಹಾಕುವಂತಿಲ್ಲ ಎಂದು ಸಂಪಾದಕ ಕೆಲ್ವಿನ್ ಮೆಕೆಂಝಿಗೆ ಹೇಳಿದರು. ಸಂಪಾದಕರು ತಳ್ಳಿಹಾಕಿದರು. ಪುಟದ ವಿನ್ಯಾಸ, ತಲೆಬರಹ, ಉಪಶೀರ್ಷಿಕೆ ಮೂರೂ ಸಂಪಾದಕರ ಕೈಯಲ್ಲಿತ್ತು; ವರದಿಗಾರನ ಎಚ್ಚರಿಕೆಯ ಮಾತುಗಳು ಒಳಗಿನ ಸಣ್ಣಕ್ಷರದಲ್ಲಿ ಉಳಿದವು. ಪತ್ರಿಕೆ ಕೊಂಡವರಲ್ಲಿ ಬಹಳ ಮಂದಿ ಮುಖಪುಟ ಓದುತ್ತಾರೆ, ಒಳಗಿನ ಆರನೇ ಪ್ಯಾರಾ ಓದುವುದಿಲ್ಲ. ಕೊಳ್ಳದವರು ಅಂಗಡಿಯಲ್ಲಿ ನೇತುಹಾಕಿದ ತಲೆಬರಹವನ್ನಷ್ಟೇ ಓದುತ್ತಾರೆ. ಪಕ್ಷಪಾತ ಅನೇಕ ಸಲ ವರದಿಯಲ್ಲಿ ಇರುವುದಿಲ್ಲ, ತಲೆಬರಹದಲ್ಲಿ ಸೇರಿಕೊಳ್ಳುತ್ತದೆ.

ಆ ಮೂರು ಸಾಲುಗಳಲ್ಲಿ 'ಕೆಲವು' ಎಂಬ ಪದಕ್ಕೂ ಕೆಲಸವಿತ್ತು. ಇಂಗ್ಲೆಂಡಿನ ಕಾನೂನಿನಲ್ಲಿ ಸತ್ತವರ ಪರವಾಗಿ ಮಾನನಷ್ಟ ದಾವೆ ಹೂಡಲು ಬರುವುದಿಲ್ಲ. ಹೆಸರಿಲ್ಲದ ದೊಡ್ಡ ಗುಂಪಿನ ಬಗ್ಗೆ ಬರೆದರೆ ಗುಂಪಿನಲ್ಲಿದ್ದ ಯಾರೊಬ್ಬರಿಗೂ ಕೋರ್ಟಿಗೆ ಹೋಗಲು ದಾರಿ ಇಲ್ಲ. ಒಬ್ಬ ಶ್ರೀಮಂತನ ಬಗ್ಗೆ ಇದರ ಹತ್ತನೇ ಒಂದು ಪಾಲು ಬರೆಯಬೇಕಿದ್ದರೂ ವಕೀಲರು ಪುಟವನ್ನು ನೋಡಿ ಪುರಾವೆ ಕೇಳುತ್ತಿದ್ದರು. ಸತ್ತ ಮಕ್ಕಳು, ಹೆಸರಿಲ್ಲದ ಅಭಿಮಾನಿಗಳ ಬಗ್ಗೆ ಬರೆಯುವುದು ಕಾನೂನಿನ ಲೆಕ್ಕದಲ್ಲಿ ಅಗ್ಗವಾಗಿತ್ತು. ಭಾರತದ ಕ್ರಿಮಿನಲ್ ಮಾನನಷ್ಟ ಕಾನೂನು ಸತ್ತವರ ಹೆಸರನ್ನೂ ಜನರ ಸಮೂಹವನ್ನೂ ಒಳಗೊಳ್ಳುತ್ತದೆ. ಆದರೂ ಗುರುತಿಲ್ಲದ ಗುಂಪಿನ ಮೇಲೆ ಗೂಬೆ ಕೂರಿಸುವಾಗ ನಮ್ಮಲ್ಲೂ ಯಾರೂ ಹೆಚ್ಚು ಹೆದರುವುದಿಲ್ಲ.

ಮಂಗಳವಾರ ರಾತ್ರಿ ಇದನ್ನು ಪರೀಕ್ಷಿಸಲು ಸಾಧ್ಯವಿತ್ತೇ? ಇತ್ತು. ಹೊಡೆಸಿಕೊಂಡ ಕಾನ್‌ಸ್ಟೇಬಲ್‌ನ ಹೆಸರು, ಚಿಕಿತ್ಸೆಯ ದಾಖಲೆ ಕೇಳಬಹುದಿತ್ತು. ಜೇಬುಗಳ್ಳತನವಾಗಿದ್ದರೆ ಪರ್ಸು ಹೋಯಿತೆಂಬ ದೂರು ಯಾವ ಕುಟುಂಬದಿಂದ ಬಂದಿದೆ ಎಂದು ವಿಚಾರಿಸಬಹುದಿತ್ತು. ಆಂಬುಲೆನ್ಸ್ ಸ್ವಯಂಸೇವಕರು, ನಾರ್ದರ್ನ್ ಜನರಲ್ ಆಸ್ಪತ್ರೆಯ ಸಿಬ್ಬಂದಿ, ಮೈದಾನದಲ್ಲಿದ್ದ ಪತ್ರಿಕಾ ಛಾಯಾಗ್ರಾಹಕರು ಎಲ್ಲರೂ ಫೋನಿಗೆ ಸಿಗುವವರೇ. ಬಿಬಿಸಿ ಆ ಪಂದ್ಯವನ್ನು ಚಿತ್ರೀಕರಿಸುತ್ತಿತ್ತು. ಚಿತ್ರಗಳಲ್ಲಿ ಕಾಣುವುದೇನು? ಅಭಿಮಾನಿಗಳು ಮೈದಾನದ ಸುತ್ತಲಿನ ಜಾಹೀರಾತು ಹಲಗೆಗಳನ್ನು ಕಿತ್ತು, ಅವನ್ನೇ ಸ್ಟ್ರೆಚರ್ ಮಾಡಿಕೊಂಡು ಗಾಯಾಳುಗಳನ್ನು ಹೊತ್ತು ಓಡುತ್ತಿರುವುದು. ಮುಖಪುಟದ ಕಥೆಗೆ ವಿರುದ್ಧವಾದ ಪುರಾವೆ ಅದೇ ಪತ್ರಿಕೆಯ ಫೋಟೋ ವಿಭಾಗಕ್ಕೂ ಎಟುಕುವಂತಿತ್ತು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಕಳೆದುಕೊಂಡಾಗಲೂ ಮೊದಲ ಗಂಟೆಗಳಲ್ಲಿ ಕೇಳಬೇಕಿದ್ದ ಪ್ರಶ್ನೆಗಳು ಇವೇ: ಯಾವ ಗೇಟು, ಯಾರ ಆದೇಶ, ಎಷ್ಟು ಹೊತ್ತಿಗೆ, ಒಳಗೆ ಜಾಗ ಎಷ್ಟಿತ್ತು, ಹೊರಗೆ ಎಷ್ಟು ಜನರಿದ್ದರು. ಜನಜಂಗುಳಿಯ ಸಾವಿನ ವರದಿ ಮಾಡುವವರು 'ಜನ ಹೇಗೆ ವರ್ತಿಸಿದರು' ಎಂಬಲ್ಲಿಂದ ಶುರುಮಾಡಿದರೆ ಉತ್ತರ ಕೊಡಬೇಕಾದವರು ಮೊದಲ ದಿನವೇ ತಪ್ಪಿಸಿಕೊಳ್ಳುತ್ತಾರೆ.

ತಿದ್ದುಪಡಿ ಏಕೆ ಹಿಂದೆ ಬಿತ್ತು

ದುರಂತದ ಅಧಿಕೃತ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ 1989ರ ಆಗಸ್ಟ್ 4ರಂದೇ ಹೊರಬಂತು, ಮುಖಪುಟ ಅಚ್ಚಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ದುರಂತದ ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದು ಅದು ನೇರವಾಗಿ ಹೇಳಿತು. ಮೂತ್ರ, ಜೇಬುಗಳ್ಳತನದ ಆರೋಪಗಳನ್ನು ಬೆಂಬಲಿಸಲು ಒಬ್ಬನೇ ಒಬ್ಬ ಸಾಕ್ಷಿಯೂ ಮುಂದೆ ಬರಲಿಲ್ಲ, ಇವನ್ನು ಹೇಳಿದವರೂ ಹರಡಿದವರೂ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು ಎಂದಿತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಭಿಮಾನಿಗಳು ಕುಡಿದು ಬಂದಿದ್ದರು ಎಂಬ ಕಥೆಯನ್ನು ಪೊಲೀಸರು ಸಾವಿನ ವಿಚಾರಣೆಯಲ್ಲಿ ಮತ್ತೆ ಎತ್ತಿದರು. ಸತ್ತವರೆಲ್ಲರ, ಮಕ್ಕಳ ಸಮೇತ, ರಕ್ತದಲ್ಲಿ ಮದ್ಯದ ಅಂಶ ಪರೀಕ್ಷಿಸಲಾಗಿತ್ತು. 1991ರಲ್ಲಿ 'ಆಕಸ್ಮಿಕ ಸಾವು' ಎಂಬ ತೀರ್ಪು ಬಂತು. 2004ರ ಅಕ್ಟೋಬರ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ಮೇಲೆ, 'ದಿ ಸ್ಪೆಕ್ಟೇಟರ್' ವಾರಪತ್ರಿಕೆ ತನ್ನ ಸಂಪಾದಕೀಯದಲ್ಲಿ ಕುಡಿದ ಅಭಿಮಾನಿಗಳ ಪಾಲಿನ ಬಗ್ಗೆ ಬರೆಯಿತು, ಸತ್ತವರು '50ಕ್ಕೂ ಹೆಚ್ಚು' ಎಂದಿತು. ಸತ್ತವರ ಸಂಖ್ಯೆಯನ್ನೂ ಸರಿಯಾಗಿ ನೋಡದವರ ತಲೆಯಲ್ಲಿ ಸುಳ್ಳು ಮಾತ್ರ ಗಟ್ಟಿಯಾಗಿ ಕೂತಿತ್ತು. ಆಗ ಅದರ ಸಂಪಾದಕರಾಗಿದ್ದವರು ಬೋರಿಸ್ ಜಾನ್ಸನ್. ಕ್ಷಮೆ ಕೇಳಲು ಲಿವರ್‌ಪೂಲಿಗೆ ಹೋಗಬೇಕಾಯಿತು.

ತಿದ್ದುಪಡಿ ಸೋಲುವುದಕ್ಕೆ ಕಾರಣ ಸರಳ. ಸುಳ್ಳಿನಲ್ಲಿ ಚಿತ್ರವಿತ್ತು, ಹೊಡೆತವಿತ್ತು, ಖಳರಿದ್ದರು. ಟೇಲರ್ ವರದಿಯಲ್ಲಿ ಇದ್ದದ್ದು ತಿರುಗುಗೇಟಿನ ಲೆಕ್ಕ, ಸುರಂಗ, ಹೊರಡಿಸದ ಒಂದು ಆದೇಶ. ಮೊದಲನೆಯದು ಒಂದು ವಾಕ್ಯದಲ್ಲಿ ನೆನಪಿರುತ್ತದೆ, ಎರಡನೆಯದಕ್ಕೆ ನಕ್ಷೆ ಬೇಕು. ಸುಳ್ಳು ಅಚ್ಚಾದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕುವಂತೆ ಒತ್ತಾಯಿಸುವ ಅಧಿಕಾರ ಆಗಿನ ಬ್ರಿಟಿಷ್ ಪ್ರೆಸ್ ಕೌನ್ಸಿಲ್‌ಗೆ ಇರಲಿಲ್ಲ. ಖಂಡಿಸಬಹುದಿತ್ತು, ಅಷ್ಟೇ.

ದುರಂತದ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಸ್ವತಂತ್ರ ಸಮಿತಿಯ ವರದಿ ಬಂದದ್ದು 2012ರ ಸೆಪ್ಟೆಂಬರ್ 12ರಂದು. ಪೊಲೀಸರ 164 ಹೇಳಿಕೆಗಳನ್ನು ಗಣನೀಯವಾಗಿ ತಿದ್ದಲಾಗಿತ್ತು, ಅವುಗಳಲ್ಲಿ 116ರಿಂದ ಪೊಲೀಸ್ ವ್ಯವಸ್ಥೆಯನ್ನು ಟೀಕಿಸುವ ಮಾತುಗಳನ್ನು ತೆಗೆದುಹಾಕಲಾಗಿತ್ತು ಎಂದು ಅದು ದಾಖಲೆ ಸಮೇತ ತೋರಿಸಿತು. ಹಳೆಯ ತೀರ್ಪು ರದ್ದಾಯಿತು. 2016ರ ಏಪ್ರಿಲ್ 26ರಂದು ಹೊಸ ಜ್ಯೂರಿ, ಇವು ಕಾನೂನುಬಾಹಿರ ಹತ್ಯೆಗಳು ಎಂದೂ ಅಭಿಮಾನಿಗಳ ವರ್ತನೆ ದುರಂತಕ್ಕೆ ಕಾರಣವಾಗಲಿಲ್ಲ ಎಂದೂ ಹೇಳಿತು. ಡಕನ್‌ಫೀಲ್ಡ್ ಮೇಲಿನ ಕ್ರಿಮಿನಲ್ ಮೊಕದ್ದಮೆ 2019ರಲ್ಲಿ ಖುಲಾಸೆಯಲ್ಲಿ ಮುಗಿಯಿತು.

ನಂಬಿಕೆ ಮುರಿದ ಮೇಲೆ

ಲಿವರ್‌ಪೂಲ್ ಸೇರಿದ ಮರ್ಸಿಸೈಡ್ ಪ್ರದೇಶದ ಜನ ನ್ಯಾಯಾಲಯಕ್ಕಾಗಿ ಕಾಯಲಿಲ್ಲ. ಮೈದಾನದಲ್ಲಿ ಇದ್ದವರು, ಅವರ ಅಕ್ಕತಂಗಿಯರು, ನೆರೆಯವರು ಅಲ್ಲೇ ಇದ್ದರು. ಏನಾಯಿತೆಂದು ಪತ್ರಿಕೆಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಕರ್ಕ್‌ಬಿಯಲ್ಲಿ ಪತ್ರಿಕೆಯ ಪ್ರತಿಗಳನ್ನು ಸುಟ್ಟರು. ಅಂಗಡಿಯವರು ತರಿಸುವುದನ್ನೇ ನಿಲ್ಲಿಸಿದರು, ಕೆಲವು ಕಡೆ ಕೌಂಟರಿನ ಕೆಳಗೆ ಇಟ್ಟು ಕೇಳಿದವರಿಗೆ ಮಾತ್ರ ಕೊಟ್ಟರು. ಈ ಬಹಿಷ್ಕಾರ ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಅದಕ್ಕೆ ಯಾವ ಪಕ್ಷದ ನಾಯಕತ್ವವೂ ಇರಲಿಲ್ಲ ಎಂಬುದು. ಅದು ಮನೆಮನೆಯ ರೂಢಿಯಾಯಿತು. 1989ರಲ್ಲಿ ಹುಟ್ಟಿರದ ಹುಡುಗರೂ ಆ ಪತ್ರಿಕೆ ಮುಟ್ಟುವುದಿಲ್ಲ. ಲಿವರ್‌ಪೂಲ್ ಕ್ಲಬ್ 2017ರಲ್ಲಿ ಅದರ ವರದಿಗಾರರಿಗೆ ತನ್ನ ಮೈದಾನದ ಬಾಗಿಲು ಮುಚ್ಚಿತು; ಅದೇ ವರ್ಷ ಎದುರಾಳಿ ಎವರ್ಟನ್ ಕೂಡ.

ಪತ್ರಿಕೆ ಕ್ಷಮೆ ಕೇಳಲಿಲ್ಲವೆಂದಲ್ಲ, ಕೇಳಿದ ಬಗೆಯನ್ನು ನೋಡಬೇಕು. ಮೆಕೆಂಝಿ 1993ರಲ್ಲಿ ಸಂಸದೀಯ ಸಮಿತಿಯ ಮುಂದೆ ವಿಷಾದಿಸಿದರು, ಜೊತೆಗೆ ಸಂಸದರೊಬ್ಬರ ಮಾತು ನಂಬಿದ್ದೇ ತಪ್ಪಾಯಿತು ಎಂದರು. ಹೊಣೆ ಅಲ್ಲಿಗೇ ಬೇರೆಯವರ ಹೆಗಲಿಗೆ ಜಾರಿತು. 2004ರ ಜುಲೈ 7ರಂದು ಪತ್ರಿಕೆ ಇಡೀ ಪುಟದ ಕ್ಷಮಾಪಣೆ ಹಾಕಿತು. ಸಂದರ್ಭ ಯಾವುದು? ಲಿವರ್‌ಪೂಲ್‌ನಲ್ಲಿ ಬೆಳೆದ ಆಟಗಾರ ವೇಯ್ನ್ ರೂನಿ ತಮ್ಮ ಕಥೆಯನ್ನು ಆ ಪತ್ರಿಕೆಗೆ ಮಾರಿ ಊರವರ ಸಿಟ್ಟಿಗೆ ಗುರಿಯಾಗಿದ್ದರು. ಕ್ಷಮಾಪಣೆಯಲ್ಲೇ ಪ್ರತಿಸ್ಪರ್ಧಿ ಸ್ಥಳೀಯ ಪತ್ರಿಕೆಗಳ ಮೇಲೆ ದೂರೂ ಇತ್ತು. ಜನ ಅದನ್ನು ವ್ಯಾಪಾರವೆಂದೇ ಓದಿದರು. 2012ರ ಸೆಪ್ಟೆಂಬರ್ 13ರಂದು 'ದಿ ರಿಯಲ್ ಟ್ರೂತ್' ಎಂಬ ಮುಖಪುಟ ಬಂತು, ಸ್ವತಂತ್ರ ಸಮಿತಿಯ ವರದಿಯ ಮರುದಿನ. ಒಪ್ಪಿಕೊಳ್ಳದೆ ಬೇರೆ ದಾರಿಯೇ ಉಳಿಯದಿದ್ದಾಗ. 2016ರಲ್ಲಿ ಜ್ಯೂರಿ ತೀರ್ಪು ಬಂದ ಮರುದಿನ ಬಹುಪಾಲು ಬೇರೆ ಪತ್ರಿಕೆಗಳ ಮುಖಪುಟದಲ್ಲಿ ಅದೇ ಸುದ್ದಿ. 'ದಿ ಸನ್' ಮುಖಪುಟದಲ್ಲಿ ಅದು ಇರಲಿಲ್ಲ. ನಾಲ್ಕು ವರ್ಷದ ಹಿಂದಿನ ಕ್ಷಮೆಯ ಬೆಲೆ ಆ ಒಂದು ಪುಟದಲ್ಲಿ ಕರಗಿತು.

ಪ್ರಭಾವವನ್ನು ಅಳೆದದ್ದು

ಪತ್ರಿಕೆ ಓದುಗನ ಅಭಿಪ್ರಾಯ ಬದಲಿಸುತ್ತದೆಯೋ, ಅಥವಾ ಓದುಗ ತನ್ನ ಅಭಿಪ್ರಾಯಕ್ಕೆ ಹೊಂದುವ ಪತ್ರಿಕೆಯನ್ನು ಆರಿಸಿಕೊಳ್ಳುತ್ತಾನೋ? ಇವೆರಡನ್ನು ಬೇರ್ಪಡಿಸುವುದು ಸಮಾಜವಿಜ್ಞಾನಿಗಳಿಗೆ ಹಳೆಯ ತಲೆನೋವು. ಮರ್ಸಿಸೈಡ್ ಇಲ್ಲಿ ನೆರವಾಯಿತು. ಅಲ್ಲಿಯ ಜನ 'ದಿ ಸನ್' ಬಿಟ್ಟದ್ದು ಅದರ ರಾಜಕೀಯ ಒಪ್ಪದೆ ಅಲ್ಲ, ಫುಟ್‌ಬಾಲ್ ಮೈದಾನದ ಸಾವುಗಳ ಬಗ್ಗೆ ಅದು ಹೇಳಿದ ಸುಳ್ಳಿಗಾಗಿ. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೇ ಎಂಬ ವಾದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅದೇ ಪತ್ರಿಕೆ 1975ರ ಜನಮತಗಣನೆಯಲ್ಲಿ ಯುರೋಪಿನ ಪರವಾಗಿದ್ದು, 1990ರ ಹೊತ್ತಿಗೆ ಕಟ್ಟಾ ವಿರೋಧಿಯಾಗಿ ದಶಕಗಳ ಕಾಲ ಪ್ರಚಾರ ನಡೆಸಿತು. ಅಂದರೆ ದೇಶದ ಬೇರೆಡೆಯ ದುಡಿಯುವ ವರ್ಗದ ಓದುಗರ ಕಿವಿಗೆ ಆ ಪ್ರಚಾರ ದಿನವೂ ಬೀಳುತ್ತಿತ್ತು, ಮರ್ಸಿಸೈಡ್‌ನಲ್ಲಿ ಬೀಳುತ್ತಿರಲಿಲ್ಲ.

ಫ್ಲೋರಿಯಾನ್ ಫೂಸ್ ಮತ್ತು ಡೇನಿಯಲ್ ಬಿಷೋಫ್ ಎಂಬ ಸಂಶೋಧಕರು ಮೂರು ದಶಕಗಳ ಅಭಿಪ್ರಾಯ ಸಮೀಕ್ಷೆಗಳನ್ನು ತೆಗೆದುಕೊಂಡರು. ಅವರ ಅಧ್ಯಯನ 'ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ' ಪತ್ರಿಕೆಯ 2022ರ ಸಂಪುಟದಲ್ಲಿದೆ. ವಿಧಾನ ಹೀಗೆ: ಬಹಿಷ್ಕಾರಕ್ಕೆ ಮೊದಲು ಮರ್ಸಿಸೈಡ್‌ಗೂ ಉಳಿದ ಪ್ರದೇಶಗಳಿಗೂ ಯುರೋಪ್ ವಿರೋಧದಲ್ಲಿ ಇದ್ದ ಅಂತರ ಎಷ್ಟು, ಬಹಿಷ್ಕಾರದ ನಂತರ ಎಷ್ಟು ಎಂದು ನೋಡಿ, ಒಂದರಿಂದ ಇನ್ನೊಂದನ್ನು ಕಳೆಯುವುದು. ದೇಶಕ್ಕೆಲ್ಲ ಸಮನಾಗಿ ಬೀಸಿದ ಗಾಳಿ ಈ ಕಳೆಯುವಿಕೆಯಲ್ಲಿ ಹೊರಟುಹೋಗುತ್ತದೆ. ಉಳಿಯುವುದು ಮರ್ಸಿಸೈಡ್‌ನಲ್ಲಿ ಮಾತ್ರ ಆದ ಬದಲಾವಣೆ. ಅಲ್ಲಿ ಯುರೋಪ್ ಬಗೆಗಿನ ನಿಲುವು ಮೃದುವಾಗಿತ್ತು. ಬಹಿಷ್ಕಾರದ ಕಾಲದಲ್ಲೇ ಬೆಳೆದ ತಲೆಮಾರು ಮತ್ತು ಆ ಪತ್ರಿಕೆ ಓದುವುದನ್ನು ನಿಲ್ಲಿಸಿದ ದುಡಿಯುವ ವರ್ಗದವರು ಈ ಬದಲಾವಣೆಗೆ ಮುಖ್ಯ ಕಾರಣರಾಗಿದ್ದರು.

ಇದನ್ನು ಪ್ರಶ್ನಿಸದೆ ಒಪ್ಪಬೇಕಿಲ್ಲ. 1994ರಿಂದ ಮರ್ಸಿಸೈಡ್‌ಗೆ ಯುರೋಪಿಯನ್ ಒಕ್ಕೂಟದ ಅತ್ಯುನ್ನತ ದರ್ಜೆಯ ಪ್ರಾದೇಶಿಕ ಅಭಿವೃದ್ಧಿ ನೆರವು ಹರಿದುಬಂತು. ಹಣ ಕೊಟ್ಟವರ ಮೇಲೆ ಪ್ರೀತಿ ಮೂಡುವುದು ಸಹಜ. ಆದರೆ ನೆರವಿನ ಹಣ ಎಲ್ಲ ವರ್ಗಕ್ಕೂ ಕಾಣುವಂಥದ್ದು. ಬದಲಾವಣೆ ಆ ಪತ್ರಿಕೆಯ ಓದುಗರಾಗಿದ್ದ ವರ್ಗದಲ್ಲೇ ಎದ್ದು ಕಂಡದ್ದು ಪತ್ರಿಕೆಯ ಕಡೆಗೇ ಹೆಚ್ಚು ಬೆರಳು ತೋರಿಸುತ್ತದೆ. ಬದಲಾವಣೆಗೆ ಮಿತಿಯೂ ಇತ್ತು. 2016ರ ಜನಮತಗಣನೆಯಲ್ಲಿ ಲಿವರ್‌ಪೂಲ್ ನಗರ ಶೇ 58.2ರಷ್ಟು ಒಕ್ಕೂಟದಲ್ಲಿ ಉಳಿಯುವ ಪರ ಮತ ಹಾಕಿತು. ಸೆಫ್ಟನ್ ಮತ್ತು ವಿರಲ್ ಸಣ್ಣ ಅಂತರದಲ್ಲಿ ಅದೇ ಕಡೆ ನಿಂತವು. ಅದೇ ಮರ್ಸಿಸೈಡ್‌ನ ನೋಸ್ಲಿ ಶೇ 51.6, ಸೇಂಟ್ ಹೆಲೆನ್ಸ್ ಶೇ 58ರಷ್ಟು ಹೊರಬರುವ ಪರ ಮತ ಹಾಕಿದವು.